ಕಪ್ಪೆಯ ಚರ್ಮದಿಂದ ಶುರು ಮಾಡೋಣ

ಆರಿದ್ರಾ ಮಳೆ ಹಿಡಿದಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಅಣ್ಣನ ಮಗಳು ಪುಸ್ತಕ ಹಿಡಿದು ಕೂತಿದ್ದಳು. ನಾಲ್ಕನೇ ಕ್ಲಾಸು, ಮರುದಿನ ಟೆಸ್ಟು. ‘ನೀರು ಮತ್ತು ನೆಲ ಎರಡರಲ್ಲೂ ವಾಸಿಸುವ ಪ್ರಾಣಿಗಳೇ ಉಭಯಚರಗಳು, ಉದಾಹರಣೆಗೆ ಕಪ್ಪೆ’ ಅಂತ ನಾಲ್ಕೈದು ಸಲ ಜೋರಾಗಿ ಓದಿದಳು. ಆಮೇಲೆ ಸುಮ್ಮನಾದಳು. ಮಳೆ ಬೀಳುವುದನ್ನೇ ನೋಡುತ್ತಾ ಕೇಳಿದಳು.

“ಅತ್ತೆ, ಹಂಗಾದ್ರೆ ಏಡಿ? ಅದು ಗದ್ದೆ ನೀರಲ್ಲೂ ಇರುತ್ತೆ, ಅಂಚಿನ ಮೇಲೂ ಓಡಾಡುತ್ತೆ. ಆಮೆ? ಮೊಸಳೆ? ಅವೆಲ್ಲ ಎಂತಕ್ಕೆ ಉಭಯಚರ ಅಲ್ಲ?”

ಎಷ್ಟು ಸರಿಯಾದ ಪ್ರಶ್ನೆ ಅಲ್ವಾ? ಅವಳು ಓದಿದ ಸಾಲು ಪೂರ್ತಿ ತಪ್ಪಲ್ಲ, ಆದರೆ ಅದನ್ನು ಹಿಡಿದುಕೊಂಡು ಹೊರಟರೆ ದಾರಿ ತಪ್ಪುತ್ತದೆ. ನೀರಿಗೂ ನೆಲಕ್ಕೂ ಓಡಾಡುವ ಪ್ರಾಣಿಗಳು ಬೇಕಾದಷ್ಟಿವೆ. ಏಡಿಗೆ ಬೆನ್ನುಮೂಳೆಯೇ ಇಲ್ಲ. ಆಮೆ ಮತ್ತು ಮೊಸಳೆ ಹಾವು, ಹಲ್ಲಿಗಳ ಬಳಗದವು. ನೀರುನಾಯಿ ಮರಿಗೆ ಹಾಲು ಕೊಡುತ್ತದೆ. ಇವು ಯಾವುವೂ ಉಭಯಚರ ಅಲ್ಲ. ಇನ್ನೊಂದು ಕಡೆ, ನಮ್ಮ ತೋಟದ ಬೇಲಿಯಲ್ಲೇ ಹುಟ್ಟಿ, ಬೇಲಿಯಲ್ಲೇ ಬೆಳೆದು, ಜೀವಮಾನದಲ್ಲಿ ಒಂದು ಸಲವೂ ಕೆರೆಗೆ ಇಳಿಯದ ಪುಟ್ಟ ಕಪ್ಪೆಗಳಿವೆ. ಅವು ಉಭಯಚರ! ಅಂದರೆ ಹೆಸರು ಹೇಳುವುದು ಒಂದು, ಪ್ರಾಣಿ ಬದುಕುವುದು ಇನ್ನೊಂದು.

ಹಾಗಾದರೆ ಮಕ್ಕಳಿಗೆ ಎಲ್ಲಿಂದ ಶುರು ಮಾಡಬೇಕು? ನನ್ನ ಕೇಳಿದರೆ ಚರ್ಮದಿಂದ. ಅದೊಂದು ಅರ್ಥವಾದರೆ ಕಪ್ಪೆ ಯಾಕೆ ರಾತ್ರಿ ಬರುತ್ತದೆ, ಯಾಕೆ ಮಳೆಗಾಲಕ್ಕೆ ಕಾಯುತ್ತದೆ, ಯಾಕೆ ಆಗುಂಬೆಯಲ್ಲಿ ಅಷ್ಟೊಂದು ಇವೆ, ಬಯಲುಸೀಮೆಯಲ್ಲಿ ಯಾಕೆ ಕಮ್ಮಿ ಅನ್ನುವುದೆಲ್ಲ ತಾನೇ ಬಿಚ್ಚಿಕೊಳ್ಳುತ್ತದೆ.

ಅವಳಿಗೆ ಹೇಳಿದೆ: “ಬಾಯಿ ಮುಚ್ಚು, ಮೂಗು ಹಿಡ್ಕೋ. ಈಗ ಕೈಯ ಚರ್ಮದಿಂದ ಉಸಿರಾಡು ನೋಡೋಣ.” ಹತ್ತು ಎಣಿಸುವಷ್ಟರಲ್ಲಿ ಬಿಟ್ಟಳು. “ಆಗಲ್ಲ!” ನಮಗೆ ಆಗುವುದಿಲ್ಲ. ಹಾವಿಗೆ, ಹಕ್ಕಿಗೆ, ಹಸುವಿಗೂ ಆಗುವುದಿಲ್ಲ. ನಮ್ಮ ಚರ್ಮ ಇರುವುದೇ ಒಳಗಿನದನ್ನು ಒಳಗೆ, ಹೊರಗಿನದನ್ನು ಹೊರಗೆ ಇಡಲಿಕ್ಕೆ. ಒಂಥರಾ ರೇನ್‌ಕೋಟು. ಕಪ್ಪೆಯ ಚರ್ಮ ಹಾಗಲ್ಲ. ಅದು ತೆಳುವಾದ ಒದ್ದೆ ಪಂಚೆಯ ಹಾಗೆ. ಗಾಳಿಯಲ್ಲಿರುವ ಆಮ್ಲಜನಕ ಆ ಒದ್ದೆಯಲ್ಲಿ ಕರಗಿ ಚರ್ಮದ ಕೆಳಗಿರುವ ಸಣ್ಣ ಸಣ್ಣ ರಕ್ತನಾಳಗಳಿಗೆ ಸೇರುತ್ತದೆ. ಬೇಡದ ಇಂಗಾಲದ ಡೈಆಕ್ಸೈಡಿನ ಬಹುಪಾಲು ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ. ನೀರಿನ ತಳದಲ್ಲಿ ಕಪ್ಪೆ ತುಂಬಾ ಹೊತ್ತು ಅಲ್ಲಾಡದೆ ಕೂತಿರುತ್ತದಲ್ಲ, ಆಗ ಅದರ ಉಸಿರೆಲ್ಲ ಚರ್ಮದ ಮೂಲಕವೇ.

ಹಾಗಂತ ಕಪ್ಪೆಗೆ ಶ್ವಾಸಕೋಶ ಇಲ್ಲ ಅಂತಲ್ಲ. ಇದೆ. ಆದರೆ ನಮ್ಮ ಹಾಗೆ ಎದೆ ಉಬ್ಬಿಸಿ ಗಾಳಿ ಎಳೆದುಕೊಳ್ಳಲು ಅದಕ್ಕೆ ಪಕ್ಕೆಲುಬಿನ ಗೂಡಿಲ್ಲ, ಹೊಟ್ಟೆಗೂ ಎದೆಗೂ ನಡುವಿನ ಪರದೆಯೂ ಇಲ್ಲ. ಅದಕ್ಕೇ ಗಂಟಲನ್ನು ಬಳಸುತ್ತದೆ. ಮೂಗಿನಿಂದ ಗಾಳಿ ಬಾಯಿಗೆ ತುಂಬಿಕೊಂಡು, ಬಾಯಿಯ ತಳವನ್ನು ಮೇಲೆತ್ತಿ ಒಳಕ್ಕೆ ನೂಕುತ್ತದೆ. ಸೈಕಲ್ಲಿಗೆ ಪಂಪು ಹೊಡೆದ ಹಾಗೆ. ಬಚ್ಚಲ ಮೂಲೆಯಲ್ಲಿ ಕೂತ ಕಪ್ಪೆಯ ಗಂಟಲು ಸದಾ ಪಟಪಟ ಬಡಿಯುವುದನ್ನು ಮಕ್ಕಳು ನೋಡಿಯೇ ಇರುತ್ತಾರೆ. “ಅದಕ್ಕೆ ಹೆದರಿಕೆ ಆಗಿದೆ” ಅಂದುಕೊಳ್ಳುತ್ತಾರೆ. ಅದು ಉಸಿರಾಡುತ್ತಿದೆ, ಅಷ್ಟೇ.

ಇನ್ನೊಂದು ಸಂಗತಿ ಹೇಳಿದಾಗ ಅವಳ ಕಣ್ಣು ಅಗಲವಾಯಿತು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದಲ್ಲಿ, ತೊಡೆಯ ಹತ್ತಿರ, ಚರ್ಮ ಇನ್ನೂ ತೆಳುವಾಗಿರುತ್ತದೆ. ಒದ್ದೆ ನೆಲದ ಮೇಲೆ ಆ ಭಾಗವನ್ನು ಒತ್ತಿ ಕೂತರೆ ನೀರು ತಾನೇ ಒಳಗೆ ಇಳಿಯುತ್ತದೆ. ನಮ್ಮ ಬಚ್ಚಲುಮನೆಯ ಹಂಡೆಯ ಪಕ್ಕ ಒಂದು ನೆಲಗಪ್ಪೆ ಇದೆ. ಸಂಜೆ ಎಲ್ಲರ ಸ್ನಾನ ಮುಗಿದ ಮೇಲೆ ಬರುತ್ತದೆ. ಕಾಲು ಅಗಲಿಸಿ, ಹೊಟ್ಟೆಯನ್ನು ಸಿಮೆಂಟಿಗೆ ಅಂಟಿಸಿ, ಚಪಾತಿ ಹಾಸಿದ ಹಾಗೆ ಚಪ್ಪಟೆಯಾಗಿ ಕೂರುತ್ತದೆ. ಇಷ್ಟು ವರ್ಷ ಅದು ಸುಮ್ನೆ ತಂಪಿಗೆ ಬಂದು ಕೂತಿದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅದು ಅಲ್ಲಿ ನೀರು ಕುಡಿಯುತ್ತಿತ್ತು.

ಇಷ್ಟು ತೆರೆದ ಚರ್ಮ ಇಟ್ಟುಕೊಂಡು ಬದುಕುವುದು ಸುಲಭ ಅಲ್ಲ. ನೀರು ಒಳಗೆ ಬರುವ ದಾರಿಯಲ್ಲೇ ಹೊರಗೂ ಹೋಗುತ್ತದೆ. ಬಿಸಿಲಿಗೆ ಸಿಕ್ಕರೆ ಕಪ್ಪೆ ಒದ್ದೆ ಬಟ್ಟೆಯಂತೆ ಒಣಗುತ್ತದೆ. ಅದಕ್ಕೇ ಹಗಲು ಕಲ್ಲಿನಡಿ, ಉದುರಿದ ಒಣ ಎಲೆಗಳ ದರಗಿನಡಿ, ಮಣ್ಣಿನೊಳಗೆ ಅಡಗಿರುತ್ತದೆ. ಬೇಸಿಗೆಯಲ್ಲಿ ಕೆಲವು ಕಪ್ಪೆಗಳು ಭೂಮಿಯೊಳಗೆ ಸೇರಿಕೊಂಡು ಮೊದಲ ಮಳೆಯವರೆಗೂ ಹೊರಬರುವುದಿಲ್ಲ. ಶೃಂಗೇರಿಯ ತುಂಗಾ ತೀರದಲ್ಲಿ ಕಪ್ಪೆ ಶಂಕರ ಅಂತ ಒಂದು ಪುಟ್ಟ ಗುಡಿ ಇದೆಯಲ್ಲ, ಅದರ ಕಥೆ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ಸುಡುಬಿಸಿಲಲ್ಲಿ ಪ್ರಸವ ವೇದನೆ ಪಡುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆ ಬಿಚ್ಚಿ ನೆರಳು ಕೊಟ್ಟಿತು ಅನ್ನುವ ಕಥೆ. ಹಾವಿನ ಮನಸ್ಸು ಕರಗಿದ್ದನ್ನೇ ನಾವು ದೊಡ್ಡದಾಗಿ ಹೇಳುತ್ತೇವೆ. ನನಗೆ ಆ ನೆರಳೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಕಪ್ಪೆಗೆ ಬಿಸಿಲಿಗಿಂತ ದೊಡ್ಡ ಶತ್ರು ಇಲ್ಲ ಅಂತ ಆ ಕಥೆ ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು.

ಕಪ್ಪೆಯ ಮೇಲೆ ಉಪ್ಪು ಹಾಕುವ ಆಟ ಮಕ್ಕಳಲ್ಲಿ ಈಗಲೂ ಇದೆ. ನಾವು ಚಿಕ್ಕವರಿದ್ದಾಗಲೂ ಇತ್ತು. ಅದು ಒದ್ದಾಡುವುದನ್ನು ನೋಡಿ ನಗುತ್ತಿದ್ದವರ ಗುಂಪಿನಲ್ಲಿ ನಾನೂ ಇದ್ದೆ, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಉಪ್ಪಿನಕಾಯಿಗೆ ಹೆಚ್ಚಿಟ್ಟ ಮಾವಿನಕಾಯಿ ನೀರು ಬಿಟ್ಟುಕೊಳ್ಳುತ್ತದಲ್ಲ, ಅದೇ ಅಲ್ಲೂ ಆಗುವುದು. ಉಪ್ಪು ಜೀವಂತ ಚರ್ಮದಿಂದ ನೀರನ್ನು ಹಿಂಡಿ ಹೊರಗೆ ತೆಗೆಯುತ್ತದೆ. ಮಕ್ಕಳಿಗೆ ‘ಹಾಗೆ ಮಾಡಬಾರದು’ ಅಂತ ಗದರುವುದಕ್ಕಿಂತ ಇದನ್ನು ವಿವರಿಸಿ ನೋಡಿ. ನಮ್ಮವಳು ಅವತ್ತೇ ಪಕ್ಕದ ಮನೆಯ ಹುಡುಗನ ಕೈಯಿಂದ ಉಪ್ಪು ಕಿತ್ತುಕೊಂಡು ಬಂದಳು.

ಮುಟ್ಟುವ ವಿಷಯವೂ ಇದರಿಂದಲೇ ಅರ್ಥವಾಗುತ್ತದೆ. ಸೊಳ್ಳೆ ಕ್ರೀಮು, ಸ್ಯಾನಿಟೈಸರ್, ಸೋಪು ಅಂಟಿದ ಕೈಯಲ್ಲಿ ಕಪ್ಪೆ ಹಿಡಿದರೆ ಅದೆಲ್ಲ ಅದರ ಮೈಯೊಳಗೆ ಹೋಗುತ್ತದೆ. ಹಿಡಿಯದೆ ನೋಡುವುದೇ ಒಳ್ಳೆಯದು. ರಸ್ತೆ ದಾಟಿಸಲೋ, ಬಕೆಟ್ಟಿನಿಂದ ಎತ್ತಿ ಬಿಡಲೋ ಮುಟ್ಟಲೇಬೇಕಾದರೆ ಬರೀ ನೀರಲ್ಲಿ ಕೈ ತೊಳೆದು, ಒದ್ದೆ ಕೈಯಲ್ಲೇ ಎತ್ತಬೇಕು. ಬಿಟ್ಟ ಮೇಲೆ ಸೋಪು ಹಾಕಿ ತೊಳೆದುಕೊಳ್ಳಬೇಕು. ನೆಲಗಪ್ಪೆಯ ಕಣ್ಣಿನ ಹಿಂದೆ ಹುರುಳಿಕಾಯಿಯಂತೆ ಉಬ್ಬಿದ ಎರಡು ಗ್ರಂಥಿಗಳಿರುತ್ತವೆ. ಅದನ್ನು ಕಚ್ಚಿದ ನಾಯಿ ಬಾಯಲ್ಲಿ ನೊರೆ ಸುರಿಸುವುದು ಆ ಗ್ರಂಥಿಗಳ ವಿಷದಿಂದ. ನಮ್ಮ ಕಣ್ಣಿಗೋ ಬಾಯಿಗೋ ತಾಗಿದರೆ ಉರಿಯುತ್ತದೆ. ಆದರೆ ನೆಲಗಪ್ಪೆ ಮುಟ್ಟಿದರೆ ಮೈಮೇಲೆ ನರಹುಲಿ ಏಳುತ್ತದೆ ಅನ್ನುವುದು ಸುಳ್ಳು. ನರಹುಲಿ ಬರುವುದು ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಸ್ಸಿನಿಂದ.

ಚರ್ಮ ಆಯಿತು. ಇನ್ನು ಮೊಟ್ಟೆ.

ಕೋಳಿಮೊಟ್ಟೆಯನ್ನು ಮಕ್ಕಳ ಕೈಗೆ ಕೊಟ್ಟು ನೋಡಿ. ಗಟ್ಟಿ ಚಿಪ್ಪು, ಒಳಗೆ ನೀರು, ಮರಿಗೆ ಬೇಕಾದ ಬುತ್ತಿ. ಕೆರೆಯನ್ನೇ ಒಂದು ಡಬ್ಬಿಯಲ್ಲಿ ಮುಚ್ಚಿಟ್ಟ ಹಾಗೆ. ಹಲ್ಲಿ, ಹಾವು, ಆಮೆ, ಮೊಸಳೆ ಎಲ್ಲವುದರ ಮೊಟ್ಟೆಯೂ ಹೀಗೇ ಬಂದೋಬಸ್ತು. ಅದಕ್ಕೇ ಅವು ಒಣ ನೆಲದಲ್ಲೂ ಮೊಟ್ಟೆ ಇಡಬಲ್ಲವು, ಇದು ಆಮೆ ಮತ್ತು ಮೊಸಳೆಯ ಪ್ರಶ್ನೆಗೂ ಉತ್ತರ. ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ. ಸುತ್ತ ಬರೀ ಲೋಳೆ. ನೀರಲ್ಲಿ ನೆನೆದ ಕಾಮಕಸ್ತೂರಿ ಬೀಜ ನೋಡಿದ್ದೀರಲ್ಲ, ನಡುವೆ ಕಪ್ಪು ಚುಕ್ಕೆ, ಸುತ್ತ ಲೋಳೆ. ಹೆಚ್ಚು ಕಮ್ಮಿ ಹಾಗೇ. ನೆಲಗಪ್ಪೆಯದು ಉದ್ದ ಸರದಂತೆ ಇರುತ್ತದೆ, ಕರಿಮಣಿ ಪೋಣಿಸಿ ನೀರಲ್ಲಿ ಬಿಟ್ಟ ಹಾಗೆ. ಒದ್ದೆ ಆರಿದರೆ ಇಂಥ ಮೊಟ್ಟೆಯ ಕಥೆ ಮುಗಿಯಿತು. ಸುಮಾರು 37 ಕೋಟಿ ವರ್ಷಗಳ ಹಿಂದೆ ನಾಲ್ಕು ಕಾಲಿನ ಮೊದಲ ಜೀವಿಗಳು ನೀರಿನಿಂದ ಮೇಲೆ ಬರತೊಡಗಿದವು. ಮುಂದೆ ಹಲ್ಲಿ, ಹಕ್ಕಿ, ನಮ್ಮಂಥವರ ಪೂರ್ವಜರು ನೀರಿನ ಹಂಗು ಬಿಟ್ಟು ದೂರ ಹೋದರು. ಉಭಯಚರಗಳು ಆ ನಂಟನ್ನು ಇನ್ನೂ ಇಟ್ಟುಕೊಂಡಿವೆ.

ಮೊಟ್ಟೆಯಿಂದ ಬರುವ ಗೊದಮೊಟ್ಟೆಯನ್ನು ನೋಡಿದರೆ ಕಪ್ಪೆಯ ಮರಿ ಅಂತ ಯಾರೂ ಹೇಳುವುದಿಲ್ಲ. ಕಿವಿರು ಇದೆ, ಬಾಲ ಇದೆ, ಕಾಲಿಲ್ಲ. ಬಾಯಿ ಕಲ್ಲಿನ ಮೇಲಿನ ಪಾಚಿ ಕೆರೆಯುವ ಬಾಯಿ. ತೋಟದ ಕಾದಿಗೆಯಲ್ಲಿ, ಅಂದರೆ ನೀರು ಹರಿಯುವ ಕಾಲುವೆಯಲ್ಲಿ, ನೀರು ತಿಳಿಯಾಗಿದ್ದಾಗ ದೊಡ್ಡ ಗೊದಮೊಟ್ಟೆಯೊಂದು ಹೊಟ್ಟೆ ಮೇಲೆ ಮಾಡಿ ಹೊರಳುವುದನ್ನು ಕಾದು ನೋಡಿ. ತೆಳು ಚರ್ಮದ ಒಳಗೆ ಕರುಳು ಕಾಣುತ್ತದೆ, ಥೇಟ್ ಚಕ್ಕುಲಿ! ಪಾಚಿ, ಸೊಪ್ಪು ಕರಗಿಸಲು ಉದ್ದನೆಯ ಕರುಳು ಬೇಕು, ಅದನ್ನು ಪುಟ್ಟ ಹೊಟ್ಟೆಯಲ್ಲಿ ಹೀಗೆ ಸುತ್ತಿಟ್ಟಿದೆ. ಮುಂದೆ ಹುಳ ತಿನ್ನುವ ಕಪ್ಪೆಯಾದಾಗ ಆ ಚಕ್ಕುಲಿ ಬಿಚ್ಚಿ ಗಿಡ್ಡವಾಗುತ್ತದೆ.

ಕಪ್ಪೆಯಾಗುವ ಆ ದಿನಗಳು ನಿಜಕ್ಕೂ ದೊಡ್ಡ ಸೋಜಿಗ. ಮೊದಲು ಹಿಂಗಾಲು ಮೊಳಕೆಯಂತೆ ಬರುತ್ತದೆ. ಮುಂಗಾಲು ಕಿವಿರಿನ ಹೊದಿಕೆಯ ಒಳಗೆ ಗುಟ್ಟಾಗಿ ಬೆಳೆದು, ಒಂದು ದಿನ ಪಟ್ಟಂತ ಹೊರಬರುತ್ತದೆ. ಶ್ವಾಸಕೋಶ ಕೆಲಸ ಶುರು ಮಾಡುತ್ತದೆ, ಕಿವಿರು ಕರಗುತ್ತದೆ. ಬಾಯಿ ಅಗಲವಾಗುತ್ತದೆ. ಬಾಯಿಗೇ ರಿಪೇರಿ ನಡೆಯುವಾಗ ಊಟ ಹೇಗೆ? ಆ ಕೆಲವು ದಿನ ಅದು ಊಟವನ್ನೇ ಬಿಡುತ್ತದೆ. ಬಾಲ ಕಡಿದು ಬೀಳುತ್ತದೆ ಅಂತ ಬಹಳ ಮಕ್ಕಳು ಹೇಳುತ್ತಾರೆ. ಬೀಳುವುದಿಲ್ಲ. ಮೈಯೇ ಅದನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಒಳಗೆ ಎಳೆದುಕೊಳ್ಳುತ್ತದೆ. ಉಪವಾಸದ ದಿನಗಳಿಗೆ ಅದೂ ಒಂದು ಬುತ್ತಿ. ಇಷ್ಟೆಲ್ಲ ಮಾಡಿಸುವುದು ಥೈರಾಯ್ಡ್ ಗ್ರಂಥಿಯ ರಸ. ನಮ್ಮ ಕುತ್ತಿಗೆಯಲ್ಲೂ ಅದೇ ಗ್ರಂಥಿ ಇದೆ.

ಕಪ್ಪೆ ಊಟ ಮಾಡುವುದನ್ನು ನೋಡಲು ಮೊದಲ ಮಳೆಯ ರಾತ್ರಿಯೇ ಸರಿ. ರೆಕ್ಕೆ ಬಂದ ಗೆದ್ದಲು ಜಗಲಿಯ ಲೈಟಿಗೆ ಮುತ್ತಿಕೊಳ್ಳುತ್ತದೆ, ಕೆಳಗೆ ನೆಲಗಪ್ಪೆಗಳ ಪಂಕ್ತಿ ಕೂತಿರುತ್ತದೆ. ಕಪ್ಪೆಯ ನಾಲಿಗೆ ಬಾಯಿಯ ಮುಂಭಾಗಕ್ಕೆ ಅಂಟಿಕೊಂಡಿದೆ, ನಮ್ಮ ಹಾಗೆ ಹಿಂದಕ್ಕಲ್ಲ. ಮಡಿಚಿಟ್ಟದ್ದನ್ನು ಬಿಚ್ಚಿ ಎಸೆದ ಹಾಗೆ ಹೊರಗೆ ಬರುತ್ತದೆ. ಅಂಟು ಜೊಲ್ಲಿಗೆ ಹುಳ ಸಿಕ್ಕಿಕೊಳ್ಳುತ್ತದೆ. ನುಂಗುವಾಗ ಕಣ್ಣು ನೋಡಿ, ಎರಡೂ ಮುಚ್ಚಿ ಒಳಗೆ ಇಳಿಯುತ್ತವೆ. ಆ ಕಣ್ಣುಗುಡ್ಡೆಗಳು ಬಾಯಿಯ ಒಳಕ್ಕೆ ಒತ್ತಿ ಹುಳವನ್ನು ಗಂಟಲಿಗೆ ನೂಕಲು ನೆರವಾಗುತ್ತವೆ. ಅವಳು ಒಂದು ತಾಸು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕಣ್ಣು ಒಳಗಿಳಿಯುವುದನ್ನು ಎಣಿಸಿದಳು. ಊಟಕ್ಕೆ ಕರೆದರೂ ಏಳಲಿಲ್ಲ.

ಈಗ ಮಲೆನಾಡಿನ ಮಾತಿಗೆ ಬರೋಣ. ಚಿಪ್ಪಿಲ್ಲದ ಮೊಟ್ಟೆಗೆ ಒದ್ದೆ ಬೇಕು ಅಂದೆನಲ್ಲ. ಕೆರೆ, ಹಳ್ಳಗಳಲ್ಲಿ ಒದ್ದೆ ಇದೆ, ಆದರೆ ಅಲ್ಲೇ ಮೀನು, ಏಡಿ, ನೀರುಹುಳಗಳೂ ಕಾದಿರುತ್ತವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಕಡೆ ತಿಂಗಳುಗಟ್ಟಲೆ ಗಾಳಿಯೇ ಒದ್ದೆ, ಎಲೆಯೇ ಒದ್ದೆ. ಹಾಗಾಗಿ ಇಲ್ಲಿನ ಕಪ್ಪೆಗಳು ನೀರು ಬಿಟ್ಟು ಮೇಲೆ ಮೊಟ್ಟೆ ಇಡಲು ಒಂದೊಂದು ಉಪಾಯ ಮಾಡಿಕೊಂಡಿವೆ. ಪಶ್ಚಿಮ ಘಟ್ಟದಲ್ಲಿ 200ಕ್ಕೂ ಹೆಚ್ಚು ಜಾತಿಯ ಉಭಯಚರಗಳಿವೆ, ಅವುಗಳಲ್ಲಿ ಬಹುಪಾಲು ಬೇರೆಲ್ಲೂ ಸಿಗುವುದಿಲ್ಲ. ಮನೆ ಹತ್ತಿರದ ಕಾಡಿನಲ್ಲೇ ಅವುಗಳಲ್ಲಿ ಹಲವು ಬಗೆ ನೋಡುವ ಭಾಗ್ಯ ಎಲ್ಲ ಮಕ್ಕಳಿಗೂ ಇಲ್ಲ.

ಮೊದಲು ಹಾರುವ ಕಪ್ಪೆ. ಹಸಿರು ಮೈ, ಬೆರಳುಗಳ ನಡುವೆ ಕೆಂಪು ಕಿತ್ತಳೆ ಬಣ್ಣದ ಪೊರೆ. ಅಂಗೈಯಷ್ಟು ದೊಡ್ಡದಾಗುತ್ತದೆ. ಮರದಿಂದ ಜಿಗಿದು ನಾಲ್ಕೂ ಪಾದ ಬಿಡಿಸಿದರೆ ಪೊರೆಗಳು ಕೊಡೆಯಂತೆ ಗಾಳಿ ಹಿಡಿಯುತ್ತವೆ. ಹತ್ತು ಮೀಟರಿನ ಆಸುಪಾಸು ತೇಲಿ ಹೋಗಬಲ್ಲದು. ಮೊಟ್ಟೆ ಇಡುವಾಗ ನೀರಿನ ಮೇಲೆ ಬಾಗಿದ ಕೊಂಬೆ ಹುಡುಕುತ್ತದೆ. ಹೆಣ್ಣು ಸ್ರವಿಸುವ ದ್ರವವನ್ನು ಹಿಂಗಾಲಿನಿಂದ ಕಡೆದು ಕಡೆದು ನೊರೆ ಮಾಡುತ್ತದೆ, ಮಜ್ಜಿಗೆ ಕಡೆದ ಹಾಗೆ. ಆ ನೊರೆಯ ಒಳಗೆ ಮೊಟ್ಟೆ. ಹೊರಗಿನ ಪದರ ಒಣಗಿ ಗಟ್ಟಿಯಾದರೂ ಒಳಗೆ ಒದ್ದೆ ಉಳಿದಿರುತ್ತದೆ. ಮರಿಗಳು ಸಿದ್ಧವಾದಾಗ ನೊರೆ ಮಳೆಗೆ ಕರಗಿ, ಗೊದಮೊಟ್ಟೆಗಳು ಒಂದೊಂದಾಗಿ ಕೆಳಗಿನ ನೀರಿಗೆ ಉದುರುತ್ತವೆ. ನಮ್ಮ ಮನೆಯ ಹಿಂದಿನ ದಾಸವಾಳದ ಕೊಂಬೆಯಲ್ಲಿ ಆ ವರ್ಷ ಇಂಥದೊಂದು ಗೂಡು ಕಟ್ಟಿತ್ತು. ಕೆಳಗೆ ದನಕ್ಕೆ ನೀರು ಕೊಡುವ ಹಳೆಯ ಕಲ್ಲುಮರಿಗೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೇಲಿಯಲ್ಲಿ, ಕಾಫಿ ಗಿಡದಲ್ಲಿ, ವಾಟೆಯ ಹಿಂಡಿಲಲ್ಲಿ ರಾತ್ರಿ ‘ಟಿಂಕ್ ಟಿಂಕ್’ ಅಂತ ನಾಣ್ಯ ತಟ್ಟಿದಂತೆ ಸದ್ದು ಬರುತ್ತದಲ್ಲ, ಹುಳ ಅಂದುಕೊಂಡಿರುತ್ತೀರಿ. ಬಹಳ ಸಲ ಅದು ಪೊದೆಗಪ್ಪೆ. ಹೆಬ್ಬೆರಳಿನ ತುದಿಯಷ್ಟೇ ಇರುತ್ತದೆ. ನಾನು ಮೊದಲು ಹೇಳಿದ, ಕೆರೆ ಕಾಣದ ಕಪ್ಪೆ ಇದೇ. ಎಲೆಯ ಮೇಲೋ ದರಗಿನ ಸಂದಿಯಲ್ಲೋ ಕೆಲವೇ ಮೊಟ್ಟೆ ಇಡುತ್ತದೆ. ಗೊದಮೊಟ್ಟೆಯ ಹಂತವೆಲ್ಲ ಮೊಟ್ಟೆಯ ಒಳಗೇ ಮುಗಿದು, ಕಾಳಿನಷ್ಟು ಪುಟ್ಟ ಕಪ್ಪೆಯೇ ಹೊರಬರುತ್ತದೆ. ಇದರ ಕುಲಕ್ಕೆ ವಿಜ್ಞಾನಿಗಳು 2010ರಲ್ಲಿ ಇಟ್ಟ ಹೆಸರು ರಾವೋರ್ಕೆಸ್ಟಿಸ್. ಆ ‘ರಾವ್’ ನಮ್ಮವರೇ, ಸಿ.ಆರ್. ನಾರಾಯಣ ರಾವ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. 1937ರಲ್ಲಿ ಅವರು ಮಲೆನಾಡಿನ ಹಲವು ಕಪ್ಪೆಗಳನ್ನು ಮೊದಲ ಸಲ ವಿವರಿಸಿ ಹೆಸರು ಕೊಟ್ಟರು. ಸಕಲೇಶಪುರದ ಕೆಂಪುಹೊಳೆ, ಮೂಡಿಗೆರೆಯ ಕೊಟ್ಟಿಗೆಹಾರ, ಈ ಊರುಗಳೆಲ್ಲ ಅವರಿಂದಾಗಿ ಕಪ್ಪೆಗಳ ಹೆಸರಿನಲ್ಲಿ ಉಳಿದಿವೆ. ನಮ್ಮ ಶಾಲೆಗಳಲ್ಲಿ ಅವರ ಹೆಸರು ಇನ್ನೂ ಜಾಸ್ತಿ ಕೇಳಬೇಕಿತ್ತು.

ಆ ಕೊಟ್ಟಿಗೆಹಾರದ ಕಪ್ಪೆ ಕುಣಿಯುತ್ತದೆ. ಗಂಡು ಕಪ್ಪೆ ಝರಿಯ ನಡುವಿನ ಕಲ್ಲಿನ ಮೇಲೆ ಕೂತು ಕೂಗುತ್ತದೆ. ಆದರೆ ನೀರಿನ ಭೋರ್ಗರೆತದಲ್ಲಿ ಪುಟ್ಟ ಕೂಗು ಎಷ್ಟು ದೂರ ಹೋದೀತು? ಅದಕ್ಕೇ ಹಿಂಗಾಲನ್ನು ಪೂರ್ತಿ ಚಾಚಿ, ಬೆರಳಿನ ಪೊರೆ ಬಿಡಿಸಿ, ಬಾವುಟ ಬೀಸಿದ ಹಾಗೆ ತೋರಿಸುತ್ತದೆ. ಹತ್ತಿರ ಬಂದ ಇನ್ನೊಂದು ಗಂಡಿಗೆ ‘ಇದು ನನ್ನ ಜಾಗ’ ಅನ್ನುವ ಸೂಚನೆ. 2014ರಲ್ಲಿ ಕಪ್ಪೆ ವಿಜ್ಞಾನಿ ಎಸ್.ಡಿ. ಬಿಜು ಅವರ ತಂಡ ಪಶ್ಚಿಮ ಘಟ್ಟದಿಂದ ಇಂಥ 14 ಹೊಸ ಕುಣಿಯುವ ಕಪ್ಪೆಗಳನ್ನು ಹೆಸರಿಸಿತು.

ಆದರೆ ನನಗೆ ಎಲ್ಲಕ್ಕಿಂತ ಪ್ರೀತಿ ಕುಂಬಾರ ಕಪ್ಪೆಯ ಮೇಲೆ. ಜೋಗದಿಂದ ಹೊನ್ನಾವರದ ಕಡೆ ಘಟ್ಟ ಇಳಿಯುವಾಗ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಸಿಗುತ್ತದೆ. ಅಲ್ಲಿ ರಾಮಪತ್ರೆ ಜಡ್ಡಿಗಳಿವೆ. ಸದಾ ನೀರು ನಿಂತ, ಬೇರುಗಳು ಮಂಡಿಯಂತೆ ಮೇಲೆದ್ದ, ಹಗಲಲ್ಲೂ ನಸುಗತ್ತಲೆಯ ಹಳೆಯ ಕಾಡು. ಅಲ್ಲಿ ಕಪ್ಪೆ ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ರಾತ್ರಿ ರಾತ್ರಿ ಕೂತು ನೋಡಿ, 2014ರಲ್ಲಿ ಈ ಕಪ್ಪೆಯನ್ನು ಲೋಕಕ್ಕೆ ಪರಿಚಯಿಸಿದರು. ಹೆಣ್ಣು ತಲೆಕೆಳಗಾಗಿ ಮುಂಗಾಲ ಮೇಲೆ ನಿಂತು ನೀರಿನ ಮೇಲಿರುವ ಕಡ್ಡಿಗೆ ಮೊಟ್ಟೆ ಅಂಟಿಸಿ ಹೋಗುತ್ತದೆ. ಆಮೇಲಿನ ಕೆಲಸ ಗಂಡಿನದು. ಅದು ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ. ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಬಗ್ಗಿ ತೆಗೆಯುತ್ತದೆ, ಮತ್ತೆ ಮೆತ್ತುತ್ತದೆ. ಥೇಟ್ ಕುಂಬಾರ ಮಡಕೆಗೆ ಮಣ್ಣು ಹಚ್ಚಿದ ಹಾಗೆ. ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಅಂತ ಈ ಲೇಪನ. ವಿಜ್ಞಾನದ ಲ್ಯಾಟಿನ್ ಹೆಸರಿನಲ್ಲೂ ‘ಕುಂಬಾರ’ ಅನ್ನುವ ಕನ್ನಡ ಪದವನ್ನೇ ಇಟ್ಟರು. ಈ ಕಪ್ಪೆಯ ಬಳಗ 7–8 ಕೋಟಿ ವರ್ಷ ಹಳೆಯದು, ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಅದೇ ಬಳಗದ ಇನ್ನೊಂದಕ್ಕೆ 2011ರಲ್ಲಿ ಜೋಗದ ಹೆಸರನ್ನೇ ಇಟ್ಟಿದ್ದಾರೆ. ಜೋಗ ನೋಡಲು ಹೋದ ಮಕ್ಕಳಿಗೆ ರಾಜಾ, ರಾಣಿ, ರೋರರ್, ರಾಕೆಟ್ ತೋರಿಸುವ ನಾವು ಈ ಐದನೆಯ ಹೆಸರನ್ನೂ ಹೇಳಬಹುದು.

ಕಪ್ಪೆ ಮಾತ್ರ ಉಭಯಚರ ಅಲ್ಲ. ಲೋಕದಲ್ಲಿ 8,000ಕ್ಕೂ ಜಾಸ್ತಿ ಜಾತಿಯ ಉಭಯಚರಗಳಿವೆ, ನೂರಕ್ಕೆ ಸುಮಾರು 88 ಕಪ್ಪೆಗಳೇ. ಉಳಿದವು ಎರಡು ಗುಂಪು. ಒಂದು ಸಲಮಾಂಡರ್, ಬಾಲವಿರುವ, ನೋಡಲು ಹಲ್ಲಿಯಂಥ ಪ್ರಾಣಿ. ಹಲ್ಲಿಗೆ ಹುರುಪೆ ಇದೆ, ಉಗುರಿದೆ. ಇದಕ್ಕೆ ಎರಡೂ ಇಲ್ಲ, ಕಪ್ಪೆಯಂಥದೇ ನುಣುಪು ಚರ್ಮ. ನಮ್ಮಲ್ಲಿ ಇವು ಇಲ್ಲ. ಭಾರತದಲ್ಲಿ ನೋಡಬೇಕೆಂದರೆ ಡಾರ್ಜಿಲಿಂಗ್, ಸಿಕ್ಕಿಂ, ಈಶಾನ್ಯದ ಬೆಟ್ಟಗಳಿಗೆ ಹೋಗಬೇಕು.

ಇನ್ನೊಂದು ಗುಂಪು ನಮ್ಮ ಕಾಲಡಿಯಲ್ಲೇ ಇದೆ, ನಮಗೇ ಗೊತ್ತಿಲ್ಲ. ಅಡಿಕೆ ತೋಟದಲ್ಲಿ ಗೊಬ್ಬರಕ್ಕೆ ಬುಡ ಬಿಡಿಸುವಾಗ, ಕೊಟ್ಟಿಗೆಯ ಹಿಂದೆ ಗುದ್ದಲಿ ಹಾಕುವಾಗ ಗೇಣಿಗಿಂತ ಸ್ವಲ್ಪ ಉದ್ದದ, ನೇರಳೆಗಪ್ಪು ಬಣ್ಣದ ಒಂದು ಜೀವಿ ನುಸುಳಿ ಹೋಗುತ್ತದೆ. ಪಕ್ಕದಲ್ಲಿ ಹಳದಿ ಗೆರೆ. ಮೈತುಂಬ ಉಂಗುರ ಉಂಗುರ. ಕಾಲಿಲ್ಲ. ಹಾವಿನ ಮರಿ ಅಂತ ಕೆಲವರು ಗುದ್ದಲಿಯಲ್ಲೇ ಹೊಡೆಯುತ್ತಾರೆ, ದೊಡ್ಡ ಎರೆಹುಳ ಅಂತ ಕೆಲವರು ಬಿಡುತ್ತಾರೆ. ಎರಡೂ ಅಲ್ಲ. ಅದರ ಹೆಸರು ಸಿಸಿಲಿಯನ್. ಎರೆಹುಳಕ್ಕೆ ಬೆನ್ನುಮೂಳೆ ಇಲ್ಲ, ದವಡೆ ಇಲ್ಲ. ಇದಕ್ಕೆ ಎರಡೂ ಇವೆ, ಹಲ್ಲೂ ಇದೆ. ಕಣ್ಣು ಚರ್ಮದ ಕೆಳಗೆ ಮಸುಕಾಗಿ ಕಾಣುತ್ತದೆ. ಮೂಗಿಗೂ ಕಣ್ಣಿಗೂ ನಡುವೆ ಒಂದು ಪುಟ್ಟ ಕುಡಿ ಇದೆ, ಕತ್ತಲಲ್ಲಿ ವಾಸನೆ ಹಿಡಿದು ದಾರಿ ಹುಡುಕಲು. ಎರೆಹುಳ, ಗೆದ್ದಲು ಇದರ ಊಟ. ನಮಗೆ ಏನೂ ಮಾಡುವುದಿಲ್ಲ. ಹಳದಿ ಗೆರೆಯ ಈ ಬಗೆಯ ತಾಯಿ ಒದ್ದೆ ಮಣ್ಣಿನಲ್ಲಿ ಮೊಟ್ಟೆಯಿಟ್ಟು, ಅದರ ಸುತ್ತ ಸಿಂಬೆಯಂತೆ ಸುತ್ತಿಕೊಂಡು ಕಾಯುತ್ತದೆ. ಒಂದು ಸಲ ತೋಟದಲ್ಲಿ ಅಂಥದೊಂದು ಸಿಕ್ಕಾಗ ನನ್ನ ಅಪ್ಪ ಗುದ್ದಲಿ ಬದಿಗಿಟ್ಟು, ಮಣ್ಣು ಹಾಗೇ ಮುಚ್ಚಿ, ಆ ಮರದ ಬುಡ ಬಿಟ್ಟು ಮುಂದಿನದಕ್ಕೆ ಹೋಗಿದ್ದರು. “ಬಾಣಂತಿ ಅದು” ಅಂದಿದ್ದರು.

ಒಂದು ಮಾತು ಮರೆಯುವ ಮುಂಚೆ ಹೇಳಿಬಿಡುತ್ತೇನೆ. ಹೊಳೆದಂಡೆಯಲ್ಲಿ ಸಿಗುವ ಕಪ್ಪೆಚಿಪ್ಪಿಗೂ ಕಪ್ಪೆಗೂ ಸಂಬಂಧ ಇಲ್ಲ. ಅದು ಮೃದ್ವಂಗಿಯ ಚಿಪ್ಪು. ಮಕ್ಕಳು ಖಂಡಿತ ಕೇಳುತ್ತಾರೆ.

ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಸಂಜೆ ಏಳರ ಮೇಲೆ, ಮಳೆ ಸ್ವಲ್ಪ ಬಿಟ್ಟಾಗ ಹೋಗಿ. ಗಂಬೂಟು, ಟಾರ್ಚು, ರಕ್ತ ಹೀರುವ ಉಂಬಳಕ್ಕೆ ಸುಣ್ಣದ ಪುಡಿ ಇಟ್ಟುಕೊಳ್ಳಿ. ಸುಣ್ಣ ಮಾತ್ರ ದೊಡ್ಡವರ ಕೈಯಲ್ಲೇ ಇರಲಿ, ಕಪ್ಪೆಗೆ ತಾಗಬಾರದು. ಹಾವೂ ಅದೇ ಹೊತ್ತಿಗೆ ಕಪ್ಪೆ ಹುಡುಕಿಕೊಂಡು ಬರುತ್ತದೆ, ಹಾಗಾಗಿ ದೊಡ್ಡವರು ಮುಂದೆ ನಡೆಯಬೇಕು. ಮೊದಲು ಟಾರ್ಚು ಆರಿಸಿ ಐದು ನಿಮಿಷ ಸುಮ್ಮನೆ ನಿಲ್ಲಿ. ಒಂದೇ ಗದ್ದಲದಂತೆ ಕೇಳುವ ವಟವಟದಲ್ಲಿ ಎಷ್ಟು ಬೇರೆ ಬೇರೆ ದನಿಗಳಿವೆ ಅಂತ ಬೆರಳು ಮಡಿಚಿ ಎಣಿಸಲು ಹೇಳಿ. ಕೂಗುವುದು ಹೆಚ್ಚಾಗಿ ಗಂಡುಗಳು. ಪ್ರತಿ ಜಾತಿಗೂ ಅದರದೇ ಕೂಗು, ಹೆಣ್ಣು ಆ ಕೂಗನ್ನು ಗುರುತಿಸಿ ಬರುತ್ತದೆ. ಗದ್ದೆಯ ದೊಡ್ಡ ಕಪ್ಪೆ ಆ ದಿನಗಳಲ್ಲಿ ಅರಿಸಿನದ ಬಣ್ಣಕ್ಕೆ ತಿರುಗಿರುತ್ತದೆ, ಗಂಟಲಿನ ಎರಡು ಕಡೆ ನೀಲಿ ಚೀಲಗಳು ಬಲೂನಿನಂತೆ ಊದುತ್ತವೆ. ಈ ಕಪ್ಪೆಯನ್ನೇ ಒಂದು ಕಾಲದಲ್ಲಿ ರಾಶಿ ರಾಶಿ ಹಿಡಿದು, ಕಾಲು ಕತ್ತರಿಸಿ ವಿದೇಶಕ್ಕೆ ಕಳಿಸುತ್ತಿದ್ದರು. 1987ರಲ್ಲಿ ಭಾರತ ಕಪ್ಪೆಕಾಲಿನ ರಫ್ತನ್ನು ನಿಲ್ಲಿಸಿತು.

ಗೊದಮೊಟ್ಟೆಯನ್ನು ಬಾಟಲಿಯಲ್ಲಿ ಮನೆಗೆ ತರುವ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ. ಬೇಡ ಅಂತ ಹೇಳಿ, ಬದಲಿಗೆ ಮನೆ ಹತ್ತಿರದ ಒಂದೇ ಹೊಂಡಕ್ಕೆ ಮೂರು ದಿನಕ್ಕೊಮ್ಮೆ ಹೋಗಿ ನೋಡಿ ಬನ್ನಿ. ಕಾಲು ಬಂದ ದಿನ, ಬಾಲ ಗಿಡ್ಡವಾದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಅವರ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿಯೂ ಇದೆ. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ, ಅದರಲ್ಲಿರುವ ತಾಮ್ರ ಗೊದಮೊಟ್ಟೆಗೆ ವಿಷ. ಔಷಧಿ ಹೊಡೆಯುವುದನ್ನು ನಾವ್ಯಾರೂ ಬಿಡಲಾರೆವು, ಬೆಳೆ ಉಳಿಯಬೇಕಲ್ಲ. ಆದರೆ ಡ್ರಮ್ಮು, ಪಂಪು, ಪೈಪನ್ನು ಹಳ್ಳದಲ್ಲೇ ತೊಳೆಯದೆ ಇರಬಹುದು. ಹೋದ ವರ್ಷದಿಂದ ನಾವು ತೋಟದ ಮೇಲ್ಭಾಗದ ಒಣ ಗುಂಡಿಯಲ್ಲಿ ತೊಳೆಯುತ್ತಿದ್ದೇವೆ. 2023ರಲ್ಲಿ ಲೋಕದ ಉಭಯಚರಗಳ ಲೆಕ್ಕ ತೆಗೆದಾಗ ನೂರಕ್ಕೆ 41 ಜಾತಿಗಳು ಅಳಿವಿನ ಅಂಚಿನತ್ತ ಸಾಗಿರುವುದು ಕಂಡಿತು. ಹಕ್ಕಿ, ಹಾವು, ಸಸ್ತನಿ ಯಾವ ಗುಂಪಿನಲ್ಲೂ ಇಷ್ಟಿಲ್ಲ. ಕಾಡು ಹೋಗುವುದು, ಬಿಸಿಲು ಏರುವುದು, ಚರ್ಮಕ್ಕೇ ತಗಲುವ ಒಂದು ಶಿಲೀಂಧ್ರ ರೋಗ, ಕಾರಣಗಳು ಹಲವು. ಎಲ್ಲವೂ ಬಂದು ತಟ್ಟುವುದು ಮಾತ್ರ ಆ ತೆಳು ಚರ್ಮಕ್ಕೇ.

ಇನ್ನು ದಾಸವಾಳದ ಕೊಂಬೆಯ ನೊರೆಗೂಡಿನ ಮಾತು. ಗೂಡು ಕಟ್ಟಿ ನಾಲ್ಕನೆಯ ದಿನ ಅಮ್ಮ ಕಲ್ಲುಮರಿಗೆಯನ್ನು ತಿಕ್ಕಿ ತೊಳೆಯಲು ನೀರೆಲ್ಲ ಚೆಲ್ಲಿ ಕವುಚಿ ಹಾಕಿದ್ದರು. ಶಾಲೆಯಿಂದ ಬಂದವಳು ನೋಡಿ ಕಿರುಚಿದಳು: “ಅಜ್ಜಿ, ಅವು ಕೆಳಗೆ ಬಿದ್ರೆ ನೀರೇ ಇಲ್ಲ!” ಅಮ್ಮನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಗೂಡು ತೋರಿಸಿದ ಮೇಲೆ ಇಬ್ಬರೂ ಸೇರಿ ಮರಿಗೆಯನ್ನು ಎತ್ತಿ ಕೂರಿಸಿದರು. ನಲ್ಲಿ ನೀರು ಬೇಡ ಅಂತ ಸೂರಿನಿಂದ ಸುರಿಯುವ ಮಳೆನೀರನ್ನು ಕೊಡಪಾನದಲ್ಲಿ ಹಿಡಿದು ತಂದು ತುಂಬಿದರು. ಎರಡು ಹಿಡಿ ದರಗೂ ಹಾಕಿದರು. ಮೂರು ದಿನದ ನಂತರ ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ಗೂಡು ಜೋತುಬಿದ್ದಿತ್ತು, ಅದರ ತುದಿಯಿಂದ ಒಂದು ಗೊದಮೊಟ್ಟೆ ಬಾಲ ಅಲ್ಲಾಡಿಸುತ್ತಾ ನೇತಾಡುತ್ತಿತ್ತು. ಅವಳು ಹಲ್ಲುಜ್ಜುವ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ನೋಡುತ್ತಾ ನಿಂತಳು. ಅದು ಉದುರಿ, ನೀರಿಗೆ ಬಿದ್ದು, ದರಗಿನ ಕೆಳಗೆ ಓಡಿತು. ಅಷ್ಟು ಹೊತ್ತಿಗೆ ಮರಿಗೆಯಲ್ಲಿ ಇಪ್ಪತ್ತಮೂರು ಎಣಿಸಿ ಆಗಿತ್ತು.